ಸುಗ್ಗಿಯಲ್ಲೇ ಮಾರಬೇಕಾ, ಕಾದಿಡಬೇಕಾ? ಬೇಳೆಕಾಳು ಧಾರಣೆ ಬಗ್ಗೆ ತಿಳಿದವರು ಹೇಳಿ

ಹೊಲದಂಚು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಎರಡು ವರ್ಷದ ಹಿಂದೆ ತೊಗರಿ ಒಕ್ಕಣೆ ಮುಗಿದ ವಾರವೇ ಮಾರಿಬಿಟ್ಟೆ. ಐದು ತಿಂಗಳಾದ ಮೇಲೆ ನೋಡಿದರೆ ಧಾರಣೆ ಕಾಲು ಭಾಗದಷ್ಟು ಏರಿತ್ತು. ತುಂಬಾ ಸಂಕಟವಾಯಿತು. ಅದಕ್ಕೇ ಈ ಸಲ ಗಟ್ಟಿ ಮನಸ್ಸು ಮಾಡಿ ಜನವರಿಯ ಮಾಲನ್ನು ಗೋದಾಮಿಗೆ ಹಾಕಿದೆ. ಖರ್ಚಿಗೆ ಸಾಲ ಮಾಡಿದೆ. ಎರಡು ಮೂರು ತಿಂಗಳು ಧಾರಣೆ ನಿಧಾನವಾಗಿ ಏರಿತು. ಇನ್ನೂ ಏರುತ್ತೆ ಅಂತ ಕಾದೆ. ಆಮೇಲೆ ಒಂದು ಹಂತದಲ್ಲಿ ಇಳಿಯಲು ಶುರುವಾಯಿತು. ಇಂದು ನಿಲ್ಲುತ್ತೆ, ನಾಳೆ ನಿಲ್ಲುತ್ತೆ ಅಂತ ನೋಡುತ್ತಲೇ ಇದ್ದೆ. ಕೊನೆಗೆ ಸುಗ್ಗಿಯ ಧಾರಣೆಗಿಂತ ಕಡಿಮೆಗೆ ಕೊಟ್ಟು ಬಂದೆ. ಬಾಡಿಗೆ, ಬಡ್ಡಿ ಬೇರೆ. ಕೆಲವು ಚೀಲಕ್ಕೆ ನುಸಿ ಹಿಡಿದಿತ್ತು, ಅದಕ್ಕೂ ಕಡಿತ ಹಾಕಿದರು.

"ಸುಗ್ಗಿಯಲ್ಲಿ ಕಡಿಮೆ, ಆಮೇಲೆ ಜಾಸ್ತಿ" ಅಂತ ಎಲ್ಲರೂ ಹೇಳುತ್ತಾರೆ. ಈ ಮಾತು ಎಷ್ಟರ ಮಟ್ಟಿಗೆ ನಿಜ? ಏನನ್ನು ನೋಡಿದರೆ ಗೊತ್ತಾಗುತ್ತೆ? ಎಲ್ಲಾ ಅದೃಷ್ಟ ಅಂತ ಮಾತ್ರ ಹೇಳಬೇಡಿ.

ಕಾಳುಕಡ್ಡಿ

ಬೇಜಾರಾಯಿತು ಓದಿ. ಮಾರಿದ್ದು ಯಾವ ತಿಂಗಳು?

ಬಂದರು ಕಡೆಯವ

ಅವರು ಹೇಳುವ ಮೊದಲೇ ನಾನು ಊಹಿಸುತ್ತೇನೆ. ಆಗಸ್ಟ್ ಕೊನೆ, ಇಲ್ಲವೇ ಸೆಪ್ಟೆಂಬರ್. ಸರೀನಾ?

ಹೊಲದಂಚು

ಸೆಪ್ಟೆಂಬರ್ ಎರಡನೇ ವಾರ. ಹೇಗೆ ಗೊತ್ತಾಯಿತು ಸರ್?

ಬಂದರು ಕಡೆಯವ

ನಾನು ಹದಿನಾರು ವರ್ಷದಿಂದ ಆಮದು ಮಾಲಿನ ಕಾಗದಪತ್ರ ನೋಡುವ ಕೆಲಸದಲ್ಲಿದ್ದೇನೆ. ಅಲ್ಲಿ ಕೂತವರಿಗೆ ವರ್ಷ ಬೇರೆ ಥರ ಕಾಣುತ್ತದೆ. ನಿಮ್ಮ ಲೆಕ್ಕದಲ್ಲಿ ತೊಗರಿಗೆ ಒಂದೇ ಸುಗ್ಗಿ. ಡಿಸೆಂಬರ್‌ನಿಂದ ಫೆಬ್ರವರಿ. ಮಾರುಕಟ್ಟೆಯ ಲೆಕ್ಕದಲ್ಲಿ ಸುಗ್ಗಿ ಎರಡು. ಮೊಜಾಂಬಿಕ್, ತಾಂಜಾನಿಯಾ, ಮಲಾವಿ ಕಡೆ ತೊಗರಿ ಕೊಯ್ಲು ಬರುವುದು ಜುಲೈನಿಂದ ಸೆಪ್ಟೆಂಬರ್ ಒಳಗೆ. ಅಲ್ಲಿ ಬೆಳೆದದ್ದರಲ್ಲಿ ಬಹುಪಾಲು ಭಾರತಕ್ಕೇ ಬರುತ್ತದೆ, ಯಾಕೆಂದರೆ ತೊಗರಿಗೆ ಇಷ್ಟು ದೊಡ್ಡ ಗಿರಾಕಿ ಲೋಕದಲ್ಲಿ ಬೇರೆ ಇಲ್ಲ. ಆಗಸ್ಟ್‌ನಲ್ಲಿ ಅಲ್ಲಿ ಲೋಡಿಂಗ್ ಶುರು. ಹಡಗು ಮುಟ್ಟುವ ತನಕ ಧಾರಣೆ ಕಾಯುವುದಿಲ್ಲ. ಸೌದಾ ಆದ ಸುದ್ದಿ ಬಂದರೆ ಸಾಕು, ಬೇಳೆ ಮಿಲ್‌ನವರು ಖರೀದಿ ಕಡಿಮೆ ಮಾಡುತ್ತಾರೆ. ಮುಂದಿನ ತಿಂಗಳು ಸಿಗುತ್ತೆ ಅಂತ ಗೊತ್ತಿರುವಾಗ ಇವತ್ತು ಯಾರು ಜಾಸ್ತಿ ಕೊಡುತ್ತಾರೆ ಹೇಳಿ.

ನೀವು ಕಾಯುತ್ತಿದ್ದದ್ದು ನಿಮ್ಮ ಸುಗ್ಗಿಯಿಂದ ದೂರ ಹೋಗಲಿ ಅಂತ. ಆದರೆ ದೂರ ಹೋಗುತ್ತಾ ಹೋಗುತ್ತಾ ಇನ್ನೊಬ್ಬರ ಸುಗ್ಗಿಯ ಒಳಗೆ ಕಾಲಿಟ್ಟಿರಿ.

ಪ್ರತಿ ಕಾಳಿಗೂ ಹೀಗೊಂದು ಲೋಕದ ಪಂಚಾಂಗ ಇದೆ. ಕಡಲೆ ನೋಡಿ. ಭಾರತದಲ್ಲಿ ಅಕ್ಟೋಬರ್-ನವೆಂಬರ್‌ನಲ್ಲಿ ಬಿತ್ತಿ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಕೊಯ್ಯುತ್ತಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್‌ನ ಉತ್ತರ ಭಾಗದಲ್ಲಿ ಮೇ-ಜೂನ್‌ನಲ್ಲಿ ಬಿತ್ತಿ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಕೊಯ್ಲು. ಮಸೂರಕ್ಕೆ ಕೆನಡಾ ದೊಡ್ಡದು, ಅದರಲ್ಲೂ ಸಸ್ಕಾಚೆವಾನ್ ಪ್ರಾಂತ್ಯ. ಅಲ್ಲಿ ಮೇ ತಿಂಗಳಲ್ಲಿ ಬಿತ್ತನೆ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಕೊಯ್ಲು. ಟರ್ಕಿಯ ಆಗ್ನೇಯ ಭಾಗದ ಕೆಂಪು ಮಸೂರ ಅದಕ್ಕೂ ಮೊದಲೇ, ಮೇ-ಜೂನ್‌ನಲ್ಲಿ ಬಂದುಬಿಡುತ್ತದೆ. ಹಳದಿ ಬಟಾಣಿ ರಷ್ಯಾದಲ್ಲಿ ಜುಲೈ-ಆಗಸ್ಟ್. ಇನ್ನು ಮ್ಯಾನ್ಮಾರ್. ಅಲ್ಲಿ ಉದ್ದು, ಹೆಸರು, ತೊಗರಿ ಬರುವ ಕಾಲ ಹೆಚ್ಚು ಕಡಿಮೆ ಭಾರತದ ಚಳಿಗಾಲದ ಸುಗ್ಗಿಯ ಜೊತೆಗೇ. ದೂರವೂ ಕಡಿಮೆ. ಅದಕ್ಕೇ ಅಲ್ಲಿನ ಮಾಲು ಧಾರಣೆಯನ್ನು ಬೇಗ ಮುಟ್ಟುತ್ತದೆ. ಕೆನಡಾದ ಮಾಲು ರೈಲು ಹತ್ತಿ ಬಂದರಿಗೆ ಬಂದು, ಹಡಗು ಹತ್ತಿ ಇಲ್ಲಿ ಇಳಿಯುವಷ್ಟರಲ್ಲಿ ತಿಂಗಳ ಮೇಲಾಗುತ್ತದೆ.

ಹಾಗಾಗಿ "ಸುಗ್ಗಿ ಆದ ಮೇಲೆ ಏರುತ್ತೆ" ಅನ್ನುವ ಮಾತಿಗೆ ನಾನು ಒಂದು ಪದ ಸೇರಿಸುತ್ತೇನೆ. ಸುಗ್ಗಿ ಆದ ಮೇಲೆ, *ಮುಂದಿನ ಸುಗ್ಗಿಯ ತನಕ*. ಆ ಮುಂದಿನ ಸುಗ್ಗಿ ನಿಮ್ಮ ದೇಶದ್ದೇ ಆಗಿರಬೇಕು ಅಂತೇನಿಲ್ಲ.

ಹೊಲದಂಚು

ಆಫ್ರಿಕಾದ ಕೊಯ್ಲು ನನ್ನ ತಲೆಯಲ್ಲೇ ಇರಲಿಲ್ಲ. ಮಳೆ ನೋಡಿದೆ, ಹೊಸ ಬಿತ್ತನೆ ನೋಡಿದೆ, ಹಬ್ಬದ ಬೇಡಿಕೆ ಅಂದುಕೊಂಡೆ. ಇದನ್ನು ನೋಡಲೇ ಇಲ್ಲ.

ಎರಡೆಕರೆ

ಬಂದರು ಕಡೆಯ ಅಣ್ಣ ಹೇಳಿದ್ದು ಸರಿ ಇರಬಹುದು. ಆದರೆ ಮೊದಲ ಪ್ರಶ್ನೆಯನ್ನೇ ಯಾರೂ ಕೇಳುತ್ತಿಲ್ಲ. ಸುಗ್ಗಿಯಲ್ಲಿ ಧಾರಣೆ ಯಾಕೆ ಬೀಳುತ್ತೆ?

ಕಾಳು ಜಾಸ್ತಿ ಬಂತು, ಬೆಲೆ ಇಳಿಯಿತು ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಜನ ಒಂದು ವರ್ಷದಲ್ಲಿ ತಿನ್ನುವಷ್ಟನ್ನು ರೈತರು ಆರೇಳು ವಾರದಲ್ಲಿ ಮಾರುಕಟ್ಟೆಗೆ ತರಬೇಕು ಅಂತ ಯಾರೂ ಬರೆದಿಲ್ಲ. ತರುತ್ತಾರೆ, ಯಾಕೆಂದರೆ ಬೀಜ-ಗೊಬ್ಬರದ ಬಾಕಿ ಆಗಲೇ ತೀರಿಸಬೇಕು, ಕೂಲಿ ಆಗಲೇ ಕೊಡಬೇಕು, ಮಕ್ಕಳ ಫೀಸ್ ಆಗಲೇ ಕಟ್ಟಬೇಕು. ಎಷ್ಟೋ ಕಡೆ ಸಾಲ ಕೊಟ್ಟವರೇ ಕಾಳು ಕೊಳ್ಳುವವರು. ಅವರ ಹತ್ತಿರ ಹೋಗಿ "ಜೂನ್‌ನಲ್ಲಿ ಕೊಡ್ತೀನಿ" ಅನ್ನಲು ಆಗುತ್ತಾ? ಸುಗ್ಗಿಯ ಕುಸಿತ ಅನ್ನುವುದರಲ್ಲಿ ಅರ್ಧ ಹೊಲದ ಲೆಕ್ಕ, ಇನ್ನರ್ಧ ಕೈಯಲ್ಲಿ ಕಾಸಿಲ್ಲದ ಲೆಕ್ಕ.

ಕೆನಡಾದ ರೈತರನ್ನೇ ನೋಡಿ. ಅವರ ಹೊಲದಲ್ಲೇ ದೊಡ್ಡ ದೊಡ್ಡ ಕಬ್ಬಿಣದ ಕಣಜಗಳಿರುತ್ತವೆ. ಮಸೂರವನ್ನು ಅದರಲ್ಲಿ ತುಂಬಿ, ಧಾರಣೆ ನೋಡಿಕೊಂಡು ವರ್ಷವಿಡೀ ಸ್ವಲ್ಪ ಸ್ವಲ್ಪ ಬಿಡುತ್ತಾರೆ. ಹಿಡಿದಿಡುವ ಶಕ್ತಿ ಅವರಲ್ಲೇ ಇದೆ. ಸಣ್ಣ ಹಿಡುವಳಿಯವರ ನಾಡಿನಲ್ಲಿ ಆ ಶಕ್ತಿ ವ್ಯಾಪಾರಿಯ ಕೈಯಲ್ಲಿದೆ. ಆಮೇಲೆ ಧಾರಣೆ ಏರಿದರೂ ಆ ಏರಿಕೆ ಬೆಳೆದವರಿಗೆ ಸೇರುವುದಿಲ್ಲ. ಇನ್ನೂ ನೋವಿನ ವಿಷಯ, ಏರಿದ ಬೆಲೆಗೆ ಅದೇ ರೈತರು ಬೀಜಕ್ಕಾಗಿ ಕಾಳನ್ನು ವಾಪಸ್ ಕೊಳ್ಳುತ್ತಾರೆ.

ಪಶ್ಚಿಮ ಆಫ್ರಿಕಾದ ಅಲಸಂದೆಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ನೈಜರ್, ನೈಜೀರಿಯಾ ಕಡೆ ಅಲಸಂದೆ ವರ್ಷದ ಕೊನೆಯ ತಿಂಗಳುಗಳಲ್ಲಿ ಬರುತ್ತದೆ. ಆಗ ಅಗ್ಗ. ಮುಂದಿನ ಮಳೆಗಾಲದ ಹೊತ್ತಿಗೆ, ಮನೆಯ ಕಾಳು ಮುಗಿದಾಗ, ದುಬಾರಿ. ನುಸಿಯ ಭಯಕ್ಕೆ ರೈತರು ಬೇಗ ಮಾರುತ್ತಿದ್ದರು. ಅಲ್ಲಿಗೆ ಅಂತಲೇ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಗಾಳಿಯಾಡದ ಮೂರು ಪದರದ ಚೀಲ ಮಾಡಿದರು. ಬರೀ ಒಂದು ಚೀಲ. ಆದರೆ ಅದರಿಂದ ಬೆಳೆದವಳಿಗೆ "ಈಗ ಬೇಡ, ಆಮೇಲೆ ಮಾರ್ತೀನಿ" ಅನ್ನುವ ಧೈರ್ಯ ಬಂತು.

ಕಣಜ

ಅಕ್ಕಾ, ಚೀಲದ ಮಾತು ತೆಗೆದಿರಿ, ನಾನು ಸೇರಿಕೊಳ್ಳಲೇಬೇಕು. ಗೋದಾಮು ನೋಡಿಕೊಳ್ಳುವುದೇ ನನ್ನ ಕೆಲಸ.

ಹೊಲದಂಚು ಅವರೇ, ನಿಮ್ಮ ನಷ್ಟದ ಒಂದು ಪಾಲು ಸೆಪ್ಟೆಂಬರ್‌ಗೆ ಸೇರಿದ್ದಲ್ಲ, ಜನವರಿಗೆ ಸೇರಿದ್ದು. ಚೀಲ ಒಳಗೆ ಇಡುವಾಗ ತೇವಾಂಶ ನೋಡಿದ್ದಿರಾ?

ಹೊಲದಂಚು

ಇಲ್ಲ ಅಣ್ಣ. ಹಲ್ಲಿನಲ್ಲಿ ಕಡಿದು ನೋಡಿದೆ, ಗಟ್ಟಿ ಇತ್ತು. ಅಷ್ಟೇ.

ಕಣಜ

ಕಡಿದು ನೋಡುವುದು ಸುಮ್ನೆ ಅಂದಾಜು. ತಿಂಗಳುಗಟ್ಟಲೆ ಇಡುವ ಬೇಳೆಕಾಳು ಶೇ. 10ರ ಆಸುಪಾಸಿಗೆ ಒಣಗಿರಬೇಕು. ಮೀಟರ್ ಇಲ್ಲದಿದ್ದರೆ ಇದ್ದವರ ಹತ್ತಿರ ಒಂದು ಹಿಡಿ ಒಯ್ದು ಪರೀಕ್ಷೆ ಮಾಡಿಸಿ.

ನುಸಿ ಬಗ್ಗೆ ಒಂದು ಮಾತು. ಕಾಳು ಕೊರೆಯುವ ಈ ದುಂಬಿ ಗೋದಾಮಿನಲ್ಲೇ ಹುಟ್ಟುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಎಷ್ಟೋ ಸಲ ಅದು ಹೊಲದಿಂದಲೇ ಬರುತ್ತದೆ. ಬಲಿತ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ, ಕಾಳಿನ ಜೊತೆ ಚೀಲಕ್ಕೆ ಬರುತ್ತದೆ. ಬೆಚ್ಚಗಿದ್ದರೆ ಸುಮಾರು ಒಂದು ತಿಂಗಳಲ್ಲಿ ಒಂದು ತಲೆಮಾರು ಮುಗಿಯುತ್ತದೆ. ಒಂದೊಂದು ಹೆಣ್ಣು ಹತ್ತಾರು ಮೊಟ್ಟೆ ಇಡುತ್ತದೆ. ಲೆಕ್ಕ ನೀವೇ ಹಾಕಿ. ಮೊದಲ ಎರಡು ತಿಂಗಳು ಏನೂ ಕಾಣುವುದಿಲ್ಲ. ನಾಲ್ಕನೇ ತಿಂಗಳು ಚೀಲ ಬಿಚ್ಚಿದರೆ ಹಿಟ್ಟು ಉದುರುತ್ತದೆ. ಅಷ್ಟರಲ್ಲಿ ಬೇಸಿಗೆ ಬೇರೆ ಬಂದಿರುತ್ತದೆ. ಗಾಳಿಯಾಡದ ಚೀಲದ ಗುಟ್ಟು ಇಷ್ಟೇ: ಒಳಗಿನ ಆಮ್ಲಜನಕವನ್ನು ಹುಳವೇ ಮುಗಿಸುತ್ತದೆ, ಆಮೇಲೆ ತಾನೇ ಸಾಯುತ್ತದೆ. ಔಷಧಿ ಬೇಕಿಲ್ಲ. ಇಲಿ ಕಡಿಯದ ಹಾಗೆ ನೋಡಿಕೊಳ್ಳಬೇಕು, ಮತ್ತೆ ಮತ್ತೆ ಬಿಚ್ಚಿ ನೋಡಬಾರದು.

ಈಗ ದುಡ್ಡಿನ ಲೆಕ್ಕ. ಸುಗ್ಗಿಯ ಧಾರಣೆ 100 ಅಂತ ಇಟ್ಟುಕೊಳ್ಳಿ. ತಿಂಗಳಿಗೆ ನೂರಕ್ಕೆ ಒಂದು ಬಡ್ಡಿ ಅಂದರೆ ಆರು ತಿಂಗಳಿಗೆ 6. ಬಾಡಿಗೆ, ಹಮಾಲಿ, ಚೀಲ ಸೇರಿ 2 ಅಥವಾ 3. ಇನ್ನು ಒಣಗುವ ತೂಕ. ಶೇ. 12 ತೇವ ಇದ್ದ ಕ್ವಿಂಟಲ್ ಕಾಳು ಶೇ. 10ಕ್ಕೆ ಇಳಿದರೆ 97.8 ಕೆ.ಜಿ. ಆಗುತ್ತದೆ. ಯಾರೂ ಕದ್ದಿಲ್ಲ, ಗಾಳಿಗೆ ಹೋಯಿತು. ಅದು 2. ನುಸಿ ಸ್ವಲ್ಪ ತಗುಲಿದರೆ ಇನ್ನೊಂದು. ಒಟ್ಟು 12 ಹತ್ತಿರ. ಅಂದರೆ ಆರು ತಿಂಗಳ ಮೇಲೆ ಧಾರಣೆ 112 ಆದಾಗ ನೀವು ಇನ್ನೂ ಮೊದಲು ನಿಂತಿದ್ದ ಜಾಗದಲ್ಲೇ ಇದ್ದೀರಿ. ಲಾಭ ಅಲ್ಲಿಂದ ಮೇಲೆ ಶುರು. 108ಕ್ಕೆ ಮಾರಿ "ಕಾದಿದ್ದಕ್ಕೆ ಒಳ್ಳೆಯದಾಯಿತು" ಅನ್ನುವವರನ್ನು ತುಂಬಾ ನೋಡಿದ್ದೇನೆ. ಪಾಪ, ಅವರ ಶ್ರಮಕ್ಕೆ 4 ಕೈಬಿಟ್ಟು ಹೋಗಿದೆ.

ಕಾಳುಕಡ್ಡಿ

ಸಾಲ ಮಾಡದೆ ಸ್ವಂತ ದುಡ್ಡಲ್ಲಿ ಇಟ್ಟವರಿಗೆ ಬಡ್ಡಿ ಇರಲ್ಲ ಅಲ್ವಾ?

ಕಣಜ

ಇರುತ್ತೆ. ಆ ದುಡ್ಡು ಬೇರೆ ಕಡೆ ದುಡಿಯಬಹುದಿತ್ತು. ಲೆಕ್ಕಕ್ಕೆ ತಗೊಳ್ಳಿ.

ಅಂಕಿಸಾಲು

ನಾನು ರೈತನಲ್ಲ. ಧಾರಣೆಯ ಅಂಕಿಅಂಶ ಕೂಡಿಸಿ ನೋಡುವುದು ನನ್ನ ಓದಿನ ಭಾಗ. ಆದರೆ ನನ್ನ ತಂದೆ ಕಡಲೆ ಬೆಳೆದೇ ನನ್ನನ್ನು ಓದಿಸಿದ್ದು, ಹಾಗಾಗಿ ಈ ವಿಷಯ ನನಗೆ ಬರೀ ಅಂಕಿಯಲ್ಲ.

ಕಣಜ ಅವರು ಕೊಟ್ಟ 112 ಅನ್ನು ಹಿಡಿದುಕೊಳ್ಳಿ. ಈಗ ಪ್ರಶ್ನೆ: ನಿಮ್ಮ ಕಾಳು ಆರು ತಿಂಗಳಲ್ಲಿ ಮಾಮೂಲಾಗಿ ಎಷ್ಟು ಏರುತ್ತೆ? ಇದನ್ನು ನೀವೇ ಕಂಡುಕೊಳ್ಳಬಹುದು. ಹತ್ತು ವರ್ಷದ ತಿಂಗಳುವಾರು ಧಾರಣೆ ಬರೆದುಕೊಳ್ಳಿ. ಪ್ರತಿ ತಿಂಗಳ ಧಾರಣೆಯನ್ನು ಅದರ ಹಿಂದಿನ-ಮುಂದಿನ ಆರಾರು ತಿಂಗಳ ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿ. ಮಾರ್ಚ್‌ಗೆ 95 ಬಂದರೆ, ಆ ತಿಂಗಳು ವರ್ಷದ ಮಟ್ಟಕ್ಕಿಂತ ನೂರಕ್ಕೆ ಐದು ಕಡಿಮೆ ಅಂತ. ಹತ್ತು ಮಾರ್ಚ್‌ಗಳಿಗೂ ಹೀಗೇ ಮಾಡಿ. ಆಮೇಲೆ ಸರಾಸರಿ ತೆಗೆಯಬೇಡಿ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ನೋಡಿ. ಯಾಕೆಂದರೆ ಒಂದು ಹುಚ್ಚು ವರ್ಷ ಇಡೀ ಸರಾಸರಿಯನ್ನೇ ಎಳೆದುಬಿಡುತ್ತೆ.

ನಡುವಿನ ಅಂಕಿಗಿಂತಲೂ ಮುಖ್ಯ, ಆ ಹತ್ತು ಅಂಕಿ ಎಷ್ಟು ಚದುರಿವೆ ಅನ್ನುವುದು. ಬೇಳೆಕಾಳಿನಲ್ಲಿ ನಾನು ಕಂಡದ್ದು ಇದು. ತಿಂಗಳಿಂದ ತಿಂಗಳಿಗೆ ಆಗುವ ಋತುವಿನ ಏರಿಳಿತ ಇದ್ದೇ ಇದೆ, ಆದರೆ ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತದ ಮುಂದೆ ಅದು ಸಣ್ಣದು. ಋತುವಿನ ಅಲೆಯನ್ನು ನಂಬಿ ಇಳಿದರೆ, ಅಡಿಯಲ್ಲಿರುವ ದೊಡ್ಡ ಸೆಳೆತ ಎಳೆದುಕೊಂಡು ಹೋಗುತ್ತದೆ.

ಭಾರತದ್ದೇ ಉದಾಹರಣೆ ಕೊಡುತ್ತೇನೆ. 2014, 2015 ಎರಡೂ ವರ್ಷ ಮುಂಗಾರು ಕೈಕೊಟ್ಟಿತು. 2015ರಲ್ಲಿ ತೊಗರಿ ಧಾರಣೆ ಎಲ್ಲರ ಬಾಯಲ್ಲೂ ಇತ್ತು. ಅದನ್ನು ನೋಡಿ 2016ರಲ್ಲಿ ರೈತರು ಜಾಸ್ತಿ ಬಿತ್ತಿದರು. ಮಳೆಯೂ ಚೆನ್ನಾಗಿ ಬಂತು. 2015-16ರಲ್ಲಿ 25.6 ಲಕ್ಷ ಟನ್ ಇದ್ದ ತೊಗರಿ 2016-17ರಲ್ಲಿ 48.7 ಲಕ್ಷ ಟನ್ ಆಯಿತು. ಎಲ್ಲಾ ಬೇಳೆಕಾಳು ಸೇರಿ 163 ಲಕ್ಷದಿಂದ 231 ಲಕ್ಷ ಟನ್‌ಗೆ ಹೋಯಿತು. ಆ ಜನವರಿಯಲ್ಲಿ "ಸುಗ್ಗಿ ಆದ ಮೇಲೆ ಏರುತ್ತೆ" ಅಂತ ಕಾದಿಟ್ಟವರು ಏನಾದರು? 2017 ಪೂರ್ತಿ ಧಾರಣೆ ಬೆಂಬಲ ಬೆಲೆಗಿಂತ ಕೆಳಗೇ ತೆವಳಿತು. ಋತುವಿನ ಏರಿಕೆ ಬರಲೇ ಇಲ್ಲ.

ಅದೇ 2023 ನೋಡಿ. ತೊಗರಿ 2021-22ರ 42.2 ಲಕ್ಷ ಟನ್‌ನಿಂದ 2022-23ರಲ್ಲಿ 33.1 ಲಕ್ಷ ಟನ್‌ಗೆ ಇಳಿದಿತ್ತು. ಸುಗ್ಗಿ ಮುಗಿದ ಮೇಲೆ ಧಾರಣೆ ಏರುತ್ತಲೇ ಹೋಯಿತು. ಕಾದವರಿಗೆ ಸಿಕ್ಕಿತು.

ಎರಡೂ ವರ್ಷ ಒಂದೇ ಬೆಳೆ, ಒಂದೇ ತಿಂಗಳ ಕೊಯ್ಲು. ಫಲ ಪೂರಾ ಉಲ್ಟಾ. ಹಾಗಾಗಿ "ಯಾವ ತಿಂಗಳು ಮಾರಬೇಕು" ಅಂತ ಕೇಳುವ ಮೊದಲು "ಇದು ಎಂಥ ವರ್ಷ" ಅಂತ ಕೇಳಬೇಕು. ಬೆಳೆ ತುಂಬಿದ ವರ್ಷವಾ, ಕೊರತೆಯ ವರ್ಷವಾ? ಹಳೆ ದಾಸ್ತಾನು ಎಷ್ಟು ಉಳಿದಿದೆ? ತುಂಬಿದ ವರ್ಷದಲ್ಲಿ ಕಾಯುವುದು ಅಪಾಯ. ಕೊರತೆಯ ವರ್ಷದಲ್ಲಿ ಅವಸರಪಟ್ಟು ಮಾರುವುದು ನಷ್ಟ.

ಈ ಏರು-ಇಳಿವಿಗೆ ಅರ್ಥಶಾಸ್ತ್ರದಲ್ಲಿ ಜೇಡರ ಬಲೆ ಅಂತ ಹೆಸರು. 1934ರಲ್ಲಿ ನಿಕೊಲಸ್ ಕಾಲ್ಡರ್ ಕೊಟ್ಟದ್ದು. ಈ ವರ್ಷದ ಬೆಲೆ ನೋಡಿ ಮುಂದಿನ ವರ್ಷಕ್ಕೆ ಬಿತ್ತುತ್ತಾರೆ, ಎಲ್ಲರೂ ಹಾಗೇ ಮಾಡುತ್ತಾರೆ, ಬೆಲೆ ಬೀಳುತ್ತದೆ. ಮರುವರ್ಷ ಎಲ್ಲರೂ ಬಿಡುತ್ತಾರೆ, ಬೆಲೆ ಏರುತ್ತದೆ. ನಕ್ಷೆಯಲ್ಲಿ ಬರೆದರೆ ಬಲೆಯ ಹಾಗೇ ಕಾಣುತ್ತದೆ.

ಹೆಸರು ಬೆಳೆವವ

ಎಲ್ಲರೂ ತೊಗರಿ ಬಗ್ಗೆಯೇ ಮಾತಾಡುತ್ತಿದ್ದೀರಿ. ಹೆಸರಿಗೂ ಇದೇ ಲೆಕ್ಕವಾ?

ಅಂಕಿಸಾಲು

ಇಲ್ಲ, ಒಳ್ಳೆ ಪ್ರಶ್ನೆ. ಹೆಸರು 60-70 ದಿನದ ಬೆಳೆ. ಧಾರಣೆ ಏರಿದ್ದು ಕಂಡರೆ ನೀರಿರುವವರು ಅದೇ ವರ್ಷ ಬೇಸಿಗೆಯಲ್ಲೋ ಮುಂಗಾರಿನಲ್ಲೋ ಇನ್ನೊಂದು ಬೆಳೆ ತೆಗೆದುಬಿಡಬಹುದು. ಕೊರತೆ ಬೇಗ ತುಂಬುತ್ತೆ, ಬೆಲೆ ಬೇಗ ಇಳಿಯುತ್ತೆ. ಮಧ್ಯಮ ಅವಧಿಯ ತೊಗರಿಗೆ ಐದಾರು ತಿಂಗಳು ಬೇಕು, ಜೊತೆಗೆ ಅದು ಹಗಲು ಕಿರಿದಾದಾಗ ಹೂ ಬಿಡುವ ಗಿಡ. ಮಾರ್ಚ್‌ನಲ್ಲಿ ಬೆಲೆ ಏರಿದ್ದಕ್ಕೆ ಹೊಲದ ಉತ್ತರ ಸಿಗುವುದು ಮುಂದಿನ ಜನವರಿಗೆ. ಅಷ್ಟು ದಿನ ಕೊರತೆ ತುಂಬುವುದು ದಾಸ್ತಾನು, ಇಲ್ಲವೇ ಹಡಗು. ಅದಕ್ಕೇ ತೊಗರಿ ಏರಿದರೆ ಅಷ್ಟು ಜೋರಾಗಿ ಏರುವುದು.

ಕಣಜ

ಹೆಸರಿನಲ್ಲಿ ಇನ್ನೊಂದು ಇದೆ. ಕೊಯ್ಲಿನ ಹೊತ್ತಿಗೆ ಮಳೆ ಬಿದ್ದರೆ ಕಾಳು ಗಿಡದಲ್ಲೇ ಮೊಳೆಯುತ್ತೆ, ಬಣ್ಣ ಕೆಡುತ್ತೆ. ಅಂಥ ವರ್ಷ ಮಾರುಕಟ್ಟೆಯಲ್ಲಿ ಎರಡು ಧಾರಣೆ. ಚೆನ್ನಾಗಿರುವ ಹಸಿರು ಕಾಳಿಗೆ ಒಂದು, ಮಳೆ ಹೊಡೆದದ್ದಕ್ಕೆ ಒಂದು. ಪೇಪರ್‌ನಲ್ಲಿ ಬರುವ ಸರಾಸರಿ ನೋಡಿ ಮೋಸ ಹೋಗಬೇಡಿ. ಮಳೆ ಹೊಡೆದದ್ದನ್ನು ಕಾದಿಡುವ ಯೋಚನೆಯೂ ಬೇಡ.

ಬಂದರು ಕಡೆಯವ

ಕಾದಿಡಲು ಆಗದ ಕಾಳಿಗೆ ಬ್ರೆಜಿಲ್ ನೋಡಬೇಕು. ಅಲ್ಲಿ ಕಾರಿಯೋಕಾ ಅನ್ನುವ ಪಟ್ಟೆ ಬೀನ್ಸ್ ಕಾಳು ವರ್ಷಕ್ಕೆ ಮೂರು ಸಲ ಬೆಳೆಯುತ್ತಾರೆ. ದಿನ ಕಳೆದಂತೆ ಅದರ ಸಿಪ್ಪೆ ಕಪ್ಪಾಗುತ್ತಾ ಹೋಗುತ್ತದೆ. ಕಪ್ಪಾದರೆ ಹಳೆಯದು ಅಂತ ಗಿರಾಕಿ ಬೆಲೆ ಇಳಿಸುತ್ತಾರೆ. ಹಾಗಾಗಿ ಅಲ್ಲಿ ಆರು ತಿಂಗಳು ಹಿಡಿದಿಡುವ ಮಾತೇ ಇಲ್ಲ. ಒಂದು ಕೊಯ್ಲು ಕೆಟ್ಟರೆ ಬೆಲೆ ನೆಗೆಯುತ್ತದೆ, ಮುಂದಿನ ಕೊಯ್ಲು ಬಂದರೆ ತಕ್ಷಣ ಬೀಳುತ್ತದೆ. ಕಾಳಿನ ಸಿಪ್ಪೆಯೇ ಮಾರುಕಟ್ಟೆಯ ಆಕಾರವನ್ನು ಬದಲಿಸಿಬಿಟ್ಟಿದೆ. ನನಗೆ ಇದು ಬಹಳ ಸೋಜಿಗದ ವಿಷಯ.

ಎರಡೆಕರೆ

ಸರ್ಕಾರದ ಆಟ ಯಾರೂ ಹೇಳಲಿಲ್ಲ. ಧಾರಣೆ ಏರಿದ ಕೂಡಲೇ ಆಮದು ಸುಂಕ ತೆಗೆಯುತ್ತಾರೆ, ಬಾಗಿಲು ತೆರೆಯುತ್ತಾರೆ. ಬಿದ್ದಾಗ ಮುಚ್ಚಲು ತಿಂಗಳುಗಟ್ಟಲೆ ಬೇಕು. 2016-17ರ ಬೆಳೆ ಜನವರಿಗೆ ಬಂತು, ಧಾರಣೆ ಬಿತ್ತು. ತೊಗರಿ ಆಮದಿಗೆ ಮಿತಿ ಹಾಕಿದ್ದು 2017ರ ಆಗಸ್ಟ್‌ನಲ್ಲಿ. ಅಷ್ಟರಲ್ಲಿ ನಮ್ಮಂಥವರ ಕಾಳು ಮಾರಿ ಹೋಗಿ ಎಷ್ಟು ತಿಂಗಳಾಗಿತ್ತು? ಬಟಾಣಿಗೆ ಶೇ. 50 ಸುಂಕ ಬಂದದ್ದು ನವೆಂಬರ್‌ನಲ್ಲಿ. ಕಡಲೆ, ಮಸೂರಕ್ಕೆ ಶೇ. 30 ಡಿಸೆಂಬರ್‌ನಲ್ಲಿ.

ಬಂದರು ಕಡೆಯವ

ಅಕ್ಕಾ, ನಿಮ್ಮ ನೋವು ಅರ್ಥವಾಗುತ್ತೆ. ಆದರೆ ಆ ಕಡೆಯವರ ಮಾತೂ ಕೇಳಿ. ಭಾರತಕ್ಕೆ ಅಂತಲೇ ಬಿತ್ತಿದ ಮೊಜಾಂಬಿಕ್‌ನ ಸಣ್ಣ ರೈತರು 2017ರಲ್ಲಿ ಕೊಯ್ಲಿನ ಹೊತ್ತಿಗೇ ಬಾಗಿಲು ಮುಚ್ಚಿದ್ದನ್ನು ಕಂಡರು. ಅವರೂ ಎರಡೆಕರೆಯವರೇ. ಬೇರೆ ಯಾರಿಗೆ ಮಾರಬೇಕು? ಲೋಕದಲ್ಲಿ ಬೆಳೆಯುವ ಬೇಳೆಕಾಳಿನಲ್ಲಿ ದೇಶದಿಂದ ದೇಶಕ್ಕೆ ಹೋಗುವುದು ಸುಮಾರು ಐದನೇ ಒಂದು ಭಾಗ ಮಾತ್ರ. ಉಳಿದದ್ದು ಬೆಳೆದಲ್ಲೇ ಖರ್ಚಾಗುತ್ತದೆ. ಇಷ್ಟು ಸಣ್ಣ ವ್ಯಾಪಾರದಲ್ಲಿ ದೊಡ್ಡ ಗಿರಾಕಿ ಸ್ವಲ್ಪ ಅಲುಗಾಡಿದರೂ ಎಲ್ಲರೂ ಅಲುಗಾಡುತ್ತಾರೆ. ಬಾಗಿಲು ತೆರೆದದ್ದಕ್ಕೂ ಹೀಗೇ. 2023ರ ಡಿಸೆಂಬರ್‌ನಲ್ಲಿ ಹಳದಿ ಬಟಾಣಿಯ ಸುಂಕ ತೆಗೆದರು, 2024ರ ಮೇ ತಿಂಗಳಲ್ಲಿ ದೇಸಿ ಕಡಲೆಯದ್ದು. ಆಗ ಆಸ್ಟ್ರೇಲಿಯಾದಲ್ಲಿ ಸರಿಯಾಗಿ ಬಿತ್ತನೆಯ ಕಾಲ. ಅವರು ಆ ಸಲ ಕಡಲೆ ಜಾಸ್ತಿ ಬಿತ್ತಿದರು.

ಎರಡೆಕರೆ

ಮೊಜಾಂಬಿಕ್‌ನ ಅಕ್ಕನ ಮೇಲೆ ನನಗೆ ಕೋಪ ಇಲ್ಲ ಅಣ್ಣ. ಅವಳೂ ನಾನೂ ಒಂದೇ ದೋಣಿ. ನನ್ನ ಮಾತು ಇಷ್ಟೇ: ಬಿತ್ತುವ ಮೊದಲು ನಿಯಮ ಹೇಳಿಬಿಡಲಿ, ಕೊಯ್ಲಿನ ತನಕ ಬದಲಿಸದಿರಲಿ. ಅವಳಿಗೂ ಅದೇ ಬೇಕು.

ಬಂದರು ಕಡೆಯವ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಬಟಾಣಿ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಕಡಲೆ ಬೆಳೆಯುವವರು ಇದನ್ನು ನೋಡುವುದೇ ಇಲ್ಲ. ಹಳದಿ ಬಟಾಣಿ ಅಗ್ಗ. ಹಿಟ್ಟು ಮಾಡಿದರೆ ಕಡಲೆ ಹಿಟ್ಟಿನ ಜಾಗದಲ್ಲಿ ನಿಲ್ಲುತ್ತದೆ. ಹಾಗಾಗಿ ಬಟಾಣಿ ತುಂಬಿ ಬಂದ ವರ್ಷ ಕಡಲೆಯ ತಲೆಯ ಮೇಲೆ ಒಂದು ಸೂರು ಹಾಕಿದ ಹಾಗೆ. ಕಡಲೆ ಬೆಳೆ ಕಡಿಮೆ ಇದ್ದರೂ ಧಾರಣೆ ಆ ಸೂರಿಗೆ ತಾಗಿ ನಿಲ್ಲುತ್ತದೆ. ನಿಮ್ಮ ಕಾಳಿನ ಜೊತೆಗೆ ಅದರ ಬದಲಿಗೆ ಬಳಸುವ ಕಾಳಿನ ಧಾರಣೆಯನ್ನೂ ನೋಡಿ.

ಕಾಳುಕಡ್ಡಿ

ಮುಂದೆ ಕೊಡುವ ಮಾಲಿಗೆ ಇವತ್ತೇ ಬೆಲೆ ಗೊತ್ತುಮಾಡುವ ವಾಯಿದಾ ಮಾರುಕಟ್ಟೆ ಇದ್ದರೆ ಮುಂದಿನ ಧಾರಣೆ ಅಂದಾಜು ಸಿಗುತ್ತಿತ್ತಲ್ವಾ?

ಅಂಕಿಸಾಲು

ಸಿಗುತ್ತಿತ್ತು. ಗೋಧಿ, ಮೆಕ್ಕೆಜೋಳಕ್ಕೆ ಲೋಕಕ್ಕೆಲ್ಲ ದಾರಿ ತೋರಿಸುವ ವಾಯಿದಾ ಮಾರುಕಟ್ಟೆಗಳಿವೆ. ಬೇಳೆಕಾಳಿಗೆ ಅಂಥದ್ದಿಲ್ಲ. ಭಾರತದಲ್ಲಿ ತೊಗರಿ, ಉದ್ದಿನ ವಾಯಿದಾ 2007ರ ಜನವರಿಯಲ್ಲಿ ನಿಲ್ಲಿಸಿದರು. ಕಡಲೆಯದ್ದು 2021ರಲ್ಲಿ ನಿಂತಿತು. ಹಾಗಾಗಿ ನಾವು ಬಿತ್ತನೆಯ ಅಂಕಿಯಿಂದಲೇ ಊಹೆ ಮಾಡಬೇಕು. ಕೆನಡಾದ ಅಂಕಿಅಂಶ ಇಲಾಖೆ ವಸಂತದಲ್ಲಿ ರೈತರು ಏನು ಬಿತ್ತಲಿದ್ದಾರೆ ಅಂತ ಕೇಳಿ ಪ್ರಕಟಿಸುತ್ತದೆ, ಜೂನ್‌ನಲ್ಲಿ ಬಿತ್ತಿದ್ದೆಷ್ಟು ಅಂತ ಹೇಳುತ್ತದೆ. ಭಾರತದ ಕೃಷಿ ಸಚಿವಾಲಯ ಬಿತ್ತನೆಯ ಕಾಲದಲ್ಲಿ ವಾರವಾರ ಲೆಕ್ಕ ಕೊಡುತ್ತದೆ. ಇವೆಲ್ಲ ಬಿಟ್ಟಿ ಸಿಗುತ್ತವೆ.

ಆದರೆ ಬಿತ್ತಿದ್ದೆಲ್ಲ ಬರುವುದಿಲ್ಲ. 2021ರಲ್ಲಿ ಕೆನಡಾದ ಬಯಲಿನಲ್ಲಿ ಬರ ಬಿದ್ದು ಬಟಾಣಿ, ಮಸೂರ ಎರಡೂ ಅರ್ಧದ ಹತ್ತಿರಕ್ಕೆ ಇಳಿದವು. ಪೆಸಿಫಿಕ್ ಸಾಗರದ ನೀರು ಮಾಮೂಲಿಗಿಂತ ಬಿಸಿಯಾಗುವ ಎಲ್ ನಿನೋ ವರ್ಷಗಳಲ್ಲಿ ಇನ್ನೊಂದು ತೊಂದರೆ. ಭಾರತದ ಮುಂಗಾರು ಮತ್ತು ಆಸ್ಟ್ರೇಲಿಯಾದ ಪೂರ್ವ ಭಾಗ, ಎರಡೂ ಒಣಗುವ ಸಾಧ್ಯತೆ ಜಾಸ್ತಿ. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಯಿಂದ ಬರುತ್ತೆ ಅನ್ನುವ ನಂಬಿಕೆ ಅಂಥ ವರ್ಷ ಕಡಲೆಗೆ ಸಲ್ಲುವುದಿಲ್ಲ.

ಹೊಲದಂಚು

ಮೂರು ದಿನದಿಂದ ಇದನ್ನೇ ಓದುತ್ತಿದ್ದೇನೆ. ಒಂದು ನೋಟ್‌ಬುಕ್ ಮಾಡಿದೆ. ಮೊದಲ ಸಾಲು: ಈ ವರ್ಷ ಬೆಳೆ ಎಷ್ಟು, ಹಳೆ ದಾಸ್ತಾನು ಎಷ್ಟು. ಎರಡನೆಯದು: ಮುಂದಿನ ಸುಗ್ಗಿ ಯಾವ ದೇಶದ್ದು, ಯಾವ ತಿಂಗಳು. ಮೂರನೆಯದು: ಸುಂಕ ಯಾವ ತಾರೀಖಿನ ತನಕ. ನಾಲ್ಕನೆಯದು: ಕಣಜ ಅಣ್ಣನ 112.

ಮುಂದಿನ ಸಲ ಪೂರ್ತಿ ಹಿಡಿದಿಡುವುದಿಲ್ಲ. ಮೂರು ಪಾಲು ಮಾಡುತ್ತೇನೆ. ಒಂದು ಸುಗ್ಗಿಯಲ್ಲೇ, ಸಾಲ ಬೇಡದಷ್ಟು. ಇನ್ನೊಂದು ಏಪ್ರಿಲ್-ಮೇನಲ್ಲಿ. ಕೊನೆಯದು ಜುಲೈನಲ್ಲಿ, ಆಫ್ರಿಕಾದಲ್ಲಿ ಲೋಡಿಂಗ್ ಶುರುವಾಗುವ ಮೊದಲು. ಸರೀನಾ?

ಅಂಕಿಸಾಲು

ಮೂರನೇ ಪಾಲನ್ನು ಕೊರತೆಯ ವರ್ಷದಲ್ಲಿ ಮಾತ್ರ ಇಡಿ. ಬೆಳೆ ತುಂಬಿದ ವರ್ಷ ಅದನ್ನೂ ಮೊದಲೇ ಬಿಟ್ಟುಬಿಡಿ. 2017 ನೆನಪಿರಲಿ.

ಎರಡೆಕರೆ

ಗೋದಾಮಿನ ರಸೀದಿ ಮೇಲೆ ಸಾಲ ಸಿಗುತ್ತೆ, ಕೇಳಿ ನೋಡಿ. ನೋಂದಾಯಿತ ಗೋದಾಮು ಆಗಿರಬೇಕು ಅಷ್ಟೇ. ಕೈಸಾಲದ ಬಡ್ಡಿಗಿಂತ ಕಡಿಮೆ ಬೀಳುತ್ತೆ. ನಮ್ಮ ಗುಂಪಿನ ಹೆಣ್ಣುಮಕ್ಕಳು ಐದಾರು ಜನ ಕೂಡಿ ಒಂದೇ ಲಾಟ್ ಮಾಡಿ ಇಟ್ಟೆವು. ಒಬ್ಬೊಬ್ಬರೇ ಹೋದರೆ ಯಾರೂ ಮಾತಾಡಿಸಲ್ಲ.

ಹೊಲದಂಚು

ಇದು ಗೊತ್ತಿರಲಿಲ್ಲ ಅಕ್ಕಾ. ನಾಳೆಯೇ ವಿಚಾರಿಸುತ್ತೇನೆ. ಬಂದರು ಕಡೆಯ ಸರ್, ಒಂದೇ ಒಂದು ಕೊನೆಯ ಪ್ರಶ್ನೆ. ಆಫ್ರಿಕಾದ ಬೆಳೆ ಹೇಗಿದೆ ಅಂತ ಯಾವಾಗಿನಿಂದ ಕಿವಿಗೊಡಬೇಕು?

ಬಂದರು ಕಡೆಯವ

ಏಪ್ರಿಲ್‌ನಿಂದ. ಅಷ್ಟರಲ್ಲಿ ಅಲ್ಲಿನ ಮಳೆಗಾಲ ಮುಗಿಯುತ್ತಾ ಬಂದಿರುತ್ತದೆ, ಗಿಡ ಹೇಗಿದೆ ಅಂತ ಅಂದಾಜು ಸಿಗುತ್ತದೆ. ಜೂನ್ ಹೊತ್ತಿಗೆ ವ್ಯಾಪಾರಿಗಳು ಧಾರಣೆ ಮಾತಾಡಲು ಶುರು ಮಾಡುತ್ತಾರೆ. ಜುಲೈನಲ್ಲಿ ನನಗೆ ಒಂದು ಸಂದೇಶ ಹಾಕಿ, ಕಂಡದ್ದನ್ನು ಇಲ್ಲೇ ಬರೆಯುತ್ತೇನೆ.

ಕಣಜ

ಜನವರಿಯಲ್ಲಿ ಚೀಲ ಹೊಲಿಯುವ ಮೊದಲು ನನಗೂ ಹಾಕಿ. ತೇವಾಂಶದ ಅಂಕಿ ಜೊತೆಗೆ.